ಕತ್ತರಿ ಬೀಳುವ ಮುನ್ನ



೧೯೮೦ರ ಆಸುಪಾಸಿನ ಮಾತು. ಸುಗ್ಗಿ ಮುಗಿದು ಹೊಲಗಳು ಬರಿದಾಗುತ್ತಲೇ ನಮ್ಮ ತಾಳವಾಡಿ ಸೀಮೆಗೆ ಟೂರಿಂಗ್ ಟಾಕೀಸಿನ ಡೇರೆ ಬರುತ್ತಿತ್ತು. ದಿಂಬಂ ಘಟ್ಟ ಹತ್ತಿ ತಮಿಳು ಚಿತ್ರಗಳು ಬರುತ್ತಿದ್ದವು. ಚಾಮರಾಜನಗರದ ಕಡೆಯಿಂದ ಕನ್ನಡ ಚಿತ್ರಗಳು ಬರುತ್ತಿದ್ದವು. ಮರಳಿನ ಮೇಲೆ ಕುಳಿತು ನೋಡುವ ಮಕ್ಕಳಾದ ನಮಗೆ ಎರಡೂ ನಮ್ಮವೇ. ಕಥೆ ರಂಗೇರುವ ಹೊತ್ತಿಗೆ ಸರಿಯಾಗಿ ಫಿಲ್ಮು ತುಂಡಾಗಿ ಪರದೆ ಬೆಳ್ಳಗಾಗುವುದು, ಡೇರೆಯೆಲ್ಲ ಸಿಳ್ಳಿನಿಂದ ತುಂಬುವುದು, ಆಪರೇಟರು ಹರಿದ ಎರಡು ತುದಿಗಳನ್ನೂ ಕತ್ತರಿಸಿ ಅಂಟು ಹಾಕಿ ಮತ್ತೆ ಯಂತ್ರ ತಿರುಗಿಸುವುದು, ಇವೆಲ್ಲ ಪ್ರತಿ ರಾತ್ರಿಯ ಕಾರ್ಯಕ್ರಮದಲ್ಲಿ ಸೇರಿದ್ದವು.

ಹಾಗೆ ಕತ್ತರಿಸಿ ಬಿಸುಟ ತುಂಡುಗಳಿಗಾಗಿ ಮರುದಿನ ಬೆಳಗ್ಗೆ ನಾವು ಹುಡುಗರು ಡೇರೆಯ ಹಿಂಬದಿಯಲ್ಲಿ ಹುಡುಕಾಡುತ್ತಿದ್ದೆವು. ನಾಲ್ಕು ಚಿತ್ರಗಳಿರುವ ಒಂದು ತುಂಡಿಗೆ ಎರಡು ಗೋಲಿಗಳ ಬೆಲೆ. ಸುಟ್ಟುಹೋದ ಬಲ್ಬಿನ ಒಳಗನ್ನು ತೆಗೆದು ನೀರು ತುಂಬಿದರೆ ಅದೇ ಮಸೂರ. ಕನ್ನಡಿ ಹಿಡಿದು ಬಿಸಿಲನ್ನು ಕತ್ತಲ ಕೋಣೆಯೊಳಕ್ಕೆ ಬಿಟ್ಟರೆ ಅದೇ ದೀಪ. ತಂದೆಯವರ ಪಂಚೆಯೇ ಬೆಳ್ಳಿತೆರೆ. ಆ ಪಂಚೆಯ ಮೇಲೆ ಕಂಡ ನಾಲ್ಕು ಚಿತ್ರಗಳೂ ಒಂದೇ ಬಗೆಯಾಗಿದ್ದುದು ನನಗೆ ಮೊದಲನೆಯ ಒಗಟು. ಒಂದೇ ಚಿತ್ರವನ್ನು ನಾಲ್ಕು ಸಲ ಏಕೆ ಮುದ್ರಿಸಬೇಕು? ಆಪರೇಟರನ್ನು ಕೇಳಿದಾಗ ಆತ ನಕ್ಕು, "ಸೆಕೆಂಡಿಗೆ ಇಪ್ಪತ್ನಾಲ್ಕು ಓಡ್ತವೆ ಕಣಪ್ಪ, ನಾಲ್ಕು ಯಾವ ಮೂಲೆಗೆ?" ಎಂದಿದ್ದ. ಎರಡನೆಯ ಒಗಟು ಇನ್ನೂ ವಿಚಿತ್ರವಾದುದು. ಅಂಟು ಹಾಕಿದ ಜಾಗ ಬಂದಾಗ ಪರದೆಯ ಮೇಲೆ ನಾಯಕ ತಟಕ್ಕನೆ ನೆಗೆಯುತ್ತಿದ್ದ. ಆದರೆ ಮಾತು ತುಂಡಾಗುತ್ತಿದ್ದುದು ಅದೇ ಕ್ಷಣದಲ್ಲಲ್ಲ, ಬೇರೊಂದು ಕ್ಷಣದಲ್ಲಿ. ಒಂದೇ ಕಡೆ ಕತ್ತರಿಸಿದ ಫಿಲ್ಮಿನಲ್ಲಿ ಎರಡು ಕಡೆ ಗಾಯವಾಗುವುದು ಹೇಗೆ? ಇದಕ್ಕೆ ಆಪರೇಟರೂ ಉತ್ತರ ಹೇಳಲಿಲ್ಲ.

ಈ ಒಗಟುಗಳು ಮತ್ತೆ ನೆನಪಾದದ್ದು ಕಳೆದ ಬೇಸಗೆಯಲ್ಲಿ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಚೆನ್ನೈಯಲ್ಲಿ ಚಿತ್ರ ಸಂಕಲನಕಾರರೊಬ್ಬರ ಬಳಿ ಸಹಾಯಕನಾಗಿದ್ದಾನೆ. ಜೂನ್ ತಿಂಗಳ ಸೇರ್ಪಡೆಗೆ ಮುನ್ನ ನಡೆಯುವ ಪೋಷಕರ ಸಭೆಯಲ್ಲಿ ತೋರಿಸುವುದಕ್ಕೆಂದು ಶಾಲೆಯ ಬಗ್ಗೆ ಒಂದು ಕಿರುಚಿತ್ರ ಮಾಡಿಕೊಡುವೆನೆಂದು ತಾನಾಗಿಯೇ ಬಂದ. ನಾಲ್ಕು ದಿನ ಊರೆಲ್ಲ ಸುತ್ತಿ ಆರು ಗಂಟೆಗಳಷ್ಟು ಚಿತ್ರಿಸಿದ. ಬಳಿಕ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತು, ಆ ಆರು ಗಂಟೆಗಳನ್ನು ಹನ್ನೆರಡು ನಿಮಿಷಗಳಿಗೆ ಇಳಿಸತೊಡಗಿದ. ಪಕ್ಕದಲ್ಲಿ ಕುಳಿತು ನೋಡಿದೆ. ಕತ್ತರಿಯಿಲ್ಲ, ಅಂಟಿಲ್ಲ, ನೆಲದ ಮೇಲೆ ಒಂದು ತುಂಡೂ ಬೀಳಲಿಲ್ಲ. ಅವನ ಗುರುಗಳ ಕಾಲದಲ್ಲಿ ಈ ಕೆಲಸ ಹೇಗೆ ನಡೆಯುತ್ತಿತ್ತೆಂದು ಅವನನ್ನು ಕೇಳಿ ತಿಳಿದೆ. ಅವನು ಹೋದ ಮೇಲೆ ಪುಸ್ತಕಗಳನ್ನು ಹುಡುಕಿ ಓದಿದೆ. ನಮ್ಮ ಮನೆಮನೆಗಳಲ್ಲಿ ನೋಡುವ ತಮಿಳು ಚಿತ್ರಗಳ ಹಿಂದಿನ ಈ ಕಾಣದ ಕೈಗಳ ಕಥೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಕೊನೆಯಲ್ಲಿ ನನಗೂ ನನ್ನ ಶಿಷ್ಯನಿಗೂ ನಡೆದ ಒಂದು ಸಣ್ಣ ವಾಗ್ವಾದವನ್ನೂ ಹೇಳುತ್ತೇನೆ.

ಸಂಕಲನವೆಂದರೇನು? ಮನೆಯ ಹೆಣ್ಣುಮಕ್ಕಳು ಎರಡು ಕೆಲಸಗಳನ್ನು ನಿತ್ಯ ಮಾಡುತ್ತಾರೆ: ಮೊರದಲ್ಲಿ ಅಕ್ಕಿ ಹಸನು ಮಾಡುವುದು, ದಾರದಲ್ಲಿ ಹೂ ಕಟ್ಟುವುದು. ಬೇಡದ್ದನ್ನು ತೆಗೆಯುವುದು ಮೊದಲನೆಯದು. ಬೇಕಾದದ್ದನ್ನು ತಕ್ಕ ಕ್ರಮದಲ್ಲಿ ಸೇರಿಸುವುದು ಎರಡನೆಯದು. ಈ ಎರಡೂ ಸೇರಿದರೆ ಸಂಕಲನ. ಬಿಡಿಬಿಡಿಯಾಗಿ, ಹಿಂದುಮುಂದಾಗಿ ಚಿತ್ರೀಕರಿಸಿದ ನೂರಾರು ತುಣುಕುಗಳು ಕಥೆಯಾಗುವುದು ಸಂಕಲನಕಾರನ ಮೇಜಿನ ಮೇಲೆ.

ದಕ್ಷಿಣ ಭಾರತದ ಮೊದಲ ಮೂಕಿ ಕಥಾಚಿತ್ರ 'ಕೀಚಕ ವಧಂ'. ಮದರಾಸಿನಲ್ಲಿ ಮೋಟಾರು ಬಿಡಿಭಾಗಗಳ ವ್ಯಾಪಾರ ಮಾಡುತ್ತಿದ್ದ ಆರ್. ನಟರಾಜ ಮೊದಲಿಯಾರರು ೧೯೧೭-೧೮ರ ಸುಮಾರಿನಲ್ಲಿ ಇದನ್ನು ತಯಾರಿಸಿದರು. ನಿರ್ಮಾಪಕರು, ನಿರ್ದೇಶಕರು, ಛಾಯಾಗ್ರಾಹಕರು, ಸಂಕಲನಕಾರರು ಎಲ್ಲವೂ ಅವರೇ. ಚಿತ್ರೀಕರಣ ನಡೆದದ್ದು ಮದರಾಸಿನ ಕೀಳ್ಪಾಕ್ಕದಲ್ಲಿ. ಆದರೆ ಫಿಲ್ಮನ್ನು ತೊಳೆದು ಸಂಸ್ಕರಿಸುವ ಪ್ರಯೋಗಾಲಯವನ್ನು ಅವರು ಇಟ್ಟುಕೊಂಡದ್ದು ತಂಪು ಹವೆಯ ಬೆಂಗಳೂರಿನಲ್ಲಿ. ತಮಿಳು ಚಿತ್ರರಂಗದ ತೊಟ್ಟಿಲು ಮದರಾಸಿನಲ್ಲಿದ್ದರೂ ಕೂಸಿಗೆ ನೀರೆರೆದದ್ದು ಕನ್ನಡದ ನೆಲದಲ್ಲಿ ಎನ್ನಬಹುದು. ಆಗ ಸಂಕಲನಕ್ಕೆ ಪ್ರತ್ಯೇಕ ಯಂತ್ರವೆಂಬುದಿರಲಿಲ್ಲ. ಫಿಲ್ಮನ್ನು ಬೆಳಕಿಗೆ ಹಿಡಿದು ಕಣ್ಣಿನಿಂದಲೇ ನೋಡುವುದು, ಕತ್ತರಿಯಿಂದ ಕತ್ತರಿಸುವುದು, ತುದಿಯ ಲೇಪವನ್ನು ಕೆರೆದು ಅಂಟುದ್ರವ ಸವರಿ ಒಂದರ ಮೇಲೊಂದು ಒತ್ತುವುದು. ಚಿತ್ರ ಹೇಗೆ ಓಡುತ್ತದೆಂಬುದನ್ನು ಕೈಯ ಅಂದಾಜಿನಿಂದಲೇ ತಿಳಿಯಬೇಕಾಗಿತ್ತು.

೧೯೩೧ರಲ್ಲಿ ಎಚ್. ಎಂ. ರೆಡ್ಡಿಯವರ 'ಕಾಳಿದಾಸ್' ಬಂದಿತು. ತಮಿಳಿನ ಮೊದಲ ವಾಕ್ಚಿತ್ರವಾದ ಇದು ತಯಾರಾದದ್ದು ಮುಂಬಯಿಯಲ್ಲಿ. ಮಾತು ಬಂದೊಡನೆ ಕತ್ತರಿಗೆ ಕಟ್ಟು ಬಿದ್ದಿತು. ಮೂಕಿ ಚಿತ್ರದಲ್ಲಿ ಎಲ್ಲಿ ಬೇಕಾದರೂ ಕತ್ತರಿಸಬಹುದಾಗಿತ್ತು. ವಾಕ್ಚಿತ್ರದಲ್ಲಿ ಹಾಡಿನ ನಡುವೆ ಕತ್ತರಿಸಿದರೆ ತಾಳವೇ ತಪ್ಪುತ್ತದೆ. ನಟರು ಕ್ಯಾಮರಾದ ಮುಂದೆಯೇ ಹಾಡಬೇಕಾಗಿದ್ದ ಆ ಕಾಲದ ಚಿತ್ರಗಳಲ್ಲಿ ದೃಶ್ಯಗಳು ನಾಟಕದಂತೆ ಉದ್ದುದ್ದವಾಗಿರುವುದಕ್ಕೆ ಇದೂ ಒಂದು ಕಾರಣ. ೧೯೩೮ರಲ್ಲಿ ಎ. ವಿ. ಮೆಯ್ಯಪ್ಪ ಚೆಟ್ಟಿಯಾರರ 'ನಂದಕುಮಾರ್' ಚಿತ್ರದಲ್ಲಿ ಹಿನ್ನೆಲೆ ಗಾಯನದ ಪ್ರಯೋಗ ತಮಿಳಿಗೆ ಬಂದಿತು. ಹಾಡನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಅದಕ್ಕೆ ತಕ್ಕಂತೆ ಚಿತ್ರದ ತುಣುಕುಗಳನ್ನು ಜೋಡಿಸುವ ಸ್ವಾತಂತ್ರ್ಯ ಸಂಕಲನಕಾರನಿಗೆ ದೊರೆಯಿತು.

ನನ್ನ ಎರಡನೆಯ ಒಗಟಿಗೆ ಉತ್ತರ ಸಿಕ್ಕಿದ್ದು ಇಲ್ಲಿಯೇ. ಪ್ರದರ್ಶನ ಯಂತ್ರದಲ್ಲಿ ಪ್ರತಿಯೊಂದು ಚೌಕಟ್ಟೂ ದೀಪದ ಮುಂದೆ ಕ್ಷಣಕಾಲ ನಿಂತು ಮುಂದೆ ಹೋಗಬೇಕು; ಸೆಕೆಂಡಿಗೆ ೨೪ ಸಲ ನಿಲ್ಲುವುದು, ೨೪ ಸಲ ಓಡುವುದು. ಧ್ವನಿಯಾದರೋ ಹಾಗೆ ನಿಂತು ನಿಂತು ಬರುವಂತಿಲ್ಲ. ಒಂದೇ ಸಮನೆ ಹರಿಯಬೇಕು. ಆದುದರಿಂದ ಧ್ವನಿಯನ್ನು ಓದುವ ಭಾಗವನ್ನು ದೀಪದಿಂದ ತುಸು ದೂರದಲ್ಲಿ, ಫಿಲ್ಮು ಸಮನಾಗಿ ಓಡುವ ಜಾಗದಲ್ಲಿಡುತ್ತಾರೆ. ಹೀಗಾಗಿ ಚಿತ್ರಕ್ಕೆ ಸೇರಿದ ಮಾತು ಫಿಲ್ಮಿನ ಅಂಚಿನಲ್ಲಿ ಆ ಚಿತ್ರಕ್ಕಿಂತ ಸುಮಾರು ೨೦ ಚೌಕಟ್ಟು ಮುಂದೆ ಮುದ್ರಿತವಾಗಿರುತ್ತದೆ. ಡೇರೆಯ ಆಪರೇಟರು ಒಂದು ಗೇಣು ಕತ್ತರಿಸಿದಾಗ ಹೋದ ಮುಖವೇ ಬೇರೆ, ಹೋದ ಮಾತೇ ಬೇರೆ. ನಲವತ್ತು ವರ್ಷಗಳ ಹಿಂದಿನ ಒಗಟು ಬಿಡಿಸಿದ ಆ ಸಂಜೆ ನಾನು ಹುಡುಗನಂತೆ ಹಿಗ್ಗಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಪ್ರದರ್ಶನದ ಪ್ರತಿಯಲ್ಲಿ ಹೀಗೆ ಒಂದಾಗಿರುವ ಚಿತ್ರ ಮತ್ತು ಧ್ವನಿ ಸಂಕಲನದ ಕೋಣೆಯಲ್ಲಿ ಬೇರೆ ಬೇರೆ ಸುರುಳಿಗಳಲ್ಲಿರುತ್ತವೆ. ಚಿತ್ರೀಕರಣದಲ್ಲಿ ಹಲಗೆಯನ್ನು 'ಟಪ್' ಎಂದು ಬಡಿಯುವುದನ್ನು ನೀವು ಕಂಡಿರಬಹುದು. ಅದು ಬರಿಯ ಶಾಸ್ತ್ರವಲ್ಲ. ಹಲಗೆ ಕೂಡುವ ಚೌಕಟ್ಟನ್ನೂ 'ಟಪ್' ಶಬ್ದವನ್ನೂ ಹೊಂದಿಸಿದರೆ ಮುಂದಿನ ಮಾತೆಲ್ಲ ತುಟಿಗೆ ಸರಿಯಾಗಿ ಕೂಡುತ್ತದೆ. ಈ ಹೊಂದಾಣಿಕೆಗೆ ನೆರವಾದ ಯಂತ್ರ 'ಮೂವಿಯೋಲಾ'. ೧೯೨೪ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ಇದು ನಿಂತ ಹೊಲಿಗೆ ಯಂತ್ರದಂತಹುದು. ಕಾಲಿನಿಂದ ಒತ್ತಿದರೆ ಕಟಕಟನೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಸಣ್ಣ ಗಾಜಿನಲ್ಲಿ ಚಿತ್ರ ಕಾಣುತ್ತದೆ. ಮದರಾಸಿನ ಸ್ಟುಡಿಯೋಗಳ ಸಂಕಲನ ಕೋಣೆಗಳಲ್ಲಿ ದಶಕಗಳ ಕಾಲ ಕೇಳಿಬಂದ ಸದ್ದು ಇದೇ.

ಆ ಕೋಣೆಯ ಲೆಕ್ಕಾಚಾರ ಶಾಲೆಯ ಮಕ್ಕಳಿಗೆ ಒಳ್ಳೆಯ ಪಾಠವಾಗಬಲ್ಲುದು. ೩೫ ಮಿಲಿಮೀಟರ್ ಫಿಲ್ಮಿನ ಒಂದು ಅಡಿಗೆ ೧೬ ಚೌಕಟ್ಟುಗಳು. ಸೆಕೆಂಡಿಗೆ ೨೪ ಚೌಕಟ್ಟೆಂದರೆ ಒಂದೂವರೆ ಅಡಿ; ನಿಮಿಷಕ್ಕೆ ೯೦ ಅಡಿ. ಎರಡೂವರೆ ಗಂಟೆಯ ಚಿತ್ರಕ್ಕೆ ೧೩,೫೦೦ ಅಡಿ. ಅದರ ಹತ್ತರಷ್ಟು ಚಿತ್ರೀಕರಿಸಿದರೆಂದು ಇಟ್ಟುಕೊಳ್ಳಿ: ೧,೩೫,೦೦೦ ಅಡಿ, ಅಂದರೆ ೪೧ ಕಿಲೋಮೀಟರುಗಳಷ್ಟು ಫಿಲ್ಮು! ಸಂಕಲನಕಾರನೂ ಅವನ ಸಹಾಯಕರೂ ಇಷ್ಟನ್ನೂ ಕೈಯಲ್ಲಿ ಹಾಯಿಸಿ, ತುಂಡು ತುಂಡಾಗಿ ಕತ್ತರಿಸಿ, ಗೂಟಗಳಿಗೆ ಸಿಕ್ಕಿಸಿ, ಕೆಳಗೆ ಬಟ್ಟೆಯ ಚೀಲಕ್ಕೆ ಇಳಿಬಿಟ್ಟು, ಪ್ರತಿ ತುಂಡಿಗೂ ಸಂಖ್ಯೆ ಬರೆದಿಡಬೇಕಾಗಿತ್ತು. ಒಂದು ತುಂಡು ಕಳೆದರೆ ಮಧ್ಯರಾತ್ರಿಯವರೆಗೂ ಹುಡುಕಾಟ.

ಮೂಲ ನೆಗೆಟಿವನ್ನು ಯಾರೂ ಒಮ್ಮೆಗೇ ಮುಟ್ಟುತ್ತಿರಲಿಲ್ಲ. ಅದರಿಂದ ತೆಗೆದ ಕೆಲಸದ ಪ್ರತಿಯನ್ನು ಕತ್ತರಿಸಿ ಕೂಡಿಸಿ ನೋಡಿ, ಒಪ್ಪಿಗೆಯಾದ ಮೇಲೆ, ಅಂಚಿನಲ್ಲಿರುವ ಸಂಖ್ಯೆಗಳನ್ನು ಹೊಂದಿಸಿ, ಧೂಳಿಲ್ಲದ ಕೋಣೆಯಲ್ಲಿ ಕೈಗವಸು ತೊಟ್ಟು ನೆಗೆಟಿವನ್ನು ಕತ್ತರಿಸುತ್ತಿದ್ದರು. ಆ ಕತ್ತರಿ ಬಿದ್ದ ಮೇಲೆ ಹಿಂದಿರುಗುವ ದಾರಿಯಿಲ್ಲ. ಕೂಡಿಸುವಾಗ ತುದಿಯ ಚೌಕಟ್ಟು ಅಂಟಿನಡಿ ಸೇರಿ ಹಾಳಾಗುತ್ತದೆ. ಅದನ್ನು ಬಿಡಿಸಿ ಮತ್ತೆ ಕೂಡಿಸುವುದಾದರೆ ಇನ್ನೊಂದು ಚೌಕಟ್ಟು ಹೋಗುತ್ತದೆ. ತಪ್ಪಿಗೆ ತೆರುವ ದಂಡ ಕಣ್ಣೆದುರೇ ಇತ್ತು. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವಂತಹ ಚಮತ್ಕಾರ ಬೇಕಾದರೆ ಮೇಣದ ಸೀಸಕಡ್ಡಿಯಿಂದ ಫಿಲ್ಮಿನ ಮೇಲೆ ಗೆರೆ ಎಳೆದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅದು ಸರಿಬಂದಿದೆಯೇ ಇಲ್ಲವೇ ಎಂಬುದು ಆಮೇಲೆಯೇ ತಿಳಿಯುವುದು.

ಈ ಕೋಣೆಯ ಶಿಕ್ಷಣ ಎಂತಹುದೆಂಬುದಕ್ಕೆ ಅಲ್ಲಿಂದ ಹೊರಬಂದವರೇ ಸಾಕ್ಷಿ. ೧೯೫೨ರ 'ಪರಾಶಕ್ತಿ'ಯನ್ನು ನಿರ್ದೇಶಿಸಿದ ಕೃಷ್ಣನ್-ಪಂಜು ಜೋಡಿಯಲ್ಲಿ ಪಂಜು ಸಂಕಲನಕಾರರು. 'ಪಂಜಾಬಿ' ಎಂಬ ಹೆಸರಿನಲ್ಲಿ ಆ ಚಿತ್ರದ ಸಂಕಲನವನ್ನೂ ಮಾಡಿದರು. ಅವರ ಬಳಿ ಸಹಾಯಕರಾಗಿ ಕತ್ತರಿ ಹಿಡಿಯಲು ಕಲಿತವರು ಎ. ಭೀಮಸಿಂಗ್, ಮುಂದೆ ಕುಟುಂಬ ಚಿತ್ರಗಳ ದೊಡ್ಡ ನಿರ್ದೇಶಕರಾದರು. ಎಸ್. ಪಿ. ಮುತ್ತುರಾಮನ್ ಅವರೂ ಎ.ವಿ.ಎಂ. ಸ್ಟುಡಿಯೋದ ಸಂಕಲನ ವಿಭಾಗದಿಂದಲೇ ಬಂದವರು. ಯಾವುದನ್ನು ಬಿಡಬೇಕೆಂದು ಕಲಿತವನಿಗೆ ಯಾವುದನ್ನು ಚಿತ್ರಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆಯೆಂದು ತೋರುತ್ತದೆ.

ನಮ್ಮಂತಹ ಎರಡು ಭಾಷೆಯ ಜನರು ನೆನಪಿಡಬೇಕಾದ ಪ್ರಸಂಗವೊಂದುಂಟು. ೧೯೪೩ರಲ್ಲಿ ಆರ್. ನಾಗೇಂದ್ರರಾಯರ ನಿರ್ದೇಶನದಲ್ಲಿ, ಸುಬ್ಬಯ್ಯ ನಾಯುಡು ಮತ್ತು ಲಕ್ಷ್ಮೀಬಾಯಿಯವರು ಅಭಿನಯಿಸಿದ ಕನ್ನಡ 'ಹರಿಶ್ಚಂದ್ರ' ಬಂದಿತು. ಮೆಯ್ಯಪ್ಪ ಚೆಟ್ಟಿಯಾರರು ೧೯೪೪ರಲ್ಲಿ ಅದೇ ಚಿತ್ರಕ್ಕೆ ತಮಿಳು ಮಾತುಗಳನ್ನು ಕೂಡಿಸಿ ತೆರೆಗೆ ತಂದರು. ಒಂದು ಭಾರತೀಯ ಭಾಷೆಯ ಚಿತ್ರ ಇನ್ನೊಂದಕ್ಕೆ ಡಬ್ ಆದದ್ದು ಇದೇ ಮೊದಲೆಂದು ಹೇಳುತ್ತಾರೆ. ಕನ್ನಡದಲ್ಲಿ ತೆರೆದ ತುಟಿಗೆ ತಮಿಳಿನ ಮಾತನ್ನು ಕೂಡಿಸುವುದು ಎಷ್ಟು ಸೂಕ್ಷ್ಮದ ಕೆಲಸವೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪ, ಬ, ಮ ಎಂಬ ಅಕ್ಷರಗಳಿಗೆ ತುಟಿ ಮುಚ್ಚುತ್ತದೆ. ತುಟಿ ಮುಚ್ಚಿದೆಡೆಯಲ್ಲಿ ಅಂತಹುದೇ ಅಕ್ಷರ ಬರಬೇಕು. ಬಾಯಿ ನಿಂತೆಡೆಯಲ್ಲಿ ಮಾತೂ ನಿಲ್ಲಬೇಕು. ನಮ್ಮ ಸೀಮೆಯವರೇ ಆದ ಗಾಜನೂರಿನ ಡಾ. ರಾಜ್‌ಕುಮಾರ್ ಅವರು ನಾಯಕರಾಗಿ ಕಾಣಿಸಿಕೊಂಡ ೧೯೫೪ರ 'ಬೇಡರ ಕಣ್ಣಪ್ಪ' ತಯಾರಾದದ್ದೂ ಮದರಾಸಿನಲ್ಲಿ. ಕನ್ನಡ ಚಿತ್ರಗಳೂ ತಮಿಳು ಚಿತ್ರಗಳೂ ಬಹುಕಾಲ ಒಂದೇ ಊರಿನ ಮೇಜುಗಳ ಮೇಲೆ ಕತ್ತರಿಸಿಕೊಂಡು ಹೊರಬಿದ್ದವು.

ಮೂವಿಯೋಲಾದ ಬಳಿಕ ಬಂದದ್ದು ಜರ್ಮನಿಯ 'ಸ್ಟೀನ್‌ಬೆಕ್' ಮೇಜು. ಊಟದ ಮೇಜಿನಂತೆ ಚಪ್ಪಟೆಯಾದ ಇದರ ಮೇಲೆ ತಟ್ಟೆಗಳಂತೆ ಸುರುಳಿಗಳು ಮಲಗಿ ಸದ್ದಿಲ್ಲದೆ ತಿರುಗುತ್ತವೆ. ಚಿತ್ರ ದೊಡ್ಡದಾಗಿ ಕಾಣುತ್ತದೆ. ಅಂಟುದ್ರವದ ಬದಲು ಪಾರದರ್ಶಕ ಪಟ್ಟಿ ಬಂದಿತು. ಚೌಕಟ್ಟು ಹಾಳಾಗದೆ ಕೂಡಿಸಬಹುದು, ಬೇಡವೆಂದರೆ ಸುಲಿದು ತೆಗೆಯಬಹುದು. ಭೀಮಸಿಂಗರ ಮಗ ಬಿ. ಲೆನಿನ್ ಅವರು ಸಂಕಲಿಸಿದ, ಮಹೇಂದ್ರನ್ ಅವರ 'ಉದಿರಿಪ್ಪೂಕ್ಕಳ್' ೧೯೭೯ರದು. ಮಾತಿಗಿಂತ ಮುಖಗಳೂ ಮೌನವೂ ಹೆಚ್ಚು ಹೇಳುವ ಚಿತ್ರವದು. ಮುಂದೆ ಲೆನಿನ್ ಅವರು ವಿ. ಟಿ. ವಿಜಯನ್ ಅವರೊಡನೆ ಸೇರಿ ೧೯೮೭ರ 'ನಾಯಕನ್' ಮೊದಲಾದ ಹಲವು ಚಿತ್ರಗಳಿಗೆ ಕೆಲಸ ಮಾಡಿದರು.

ಆಮೇಲೆ ಗಣಕಯಂತ್ರ ಬಂದಿತು. ಅಮೆರಿಕೆಯ 'ಆವಿಡ್' ಸಂಕಲನ ಯಂತ್ರ ಮಾರುಕಟ್ಟೆಗೆ ಬಂದದ್ದು ೧೯೮೯ರಲ್ಲಿ. ಅದನ್ನು ಭಾರತಕ್ಕೆ ತಂದದ್ದು ಮದರಾಸಿನ ರಿಯಲ್ ಇಮೇಜ್ ಸಂಸ್ಥೆ. ಕಮಲ್ ಹಾಸನ್ ನಟಿಸಿದ, ೧೯೯೪ರ ಸಂಕ್ರಾಂತಿಗೆ ಬಿಡುಗಡೆಯಾದ 'ಮಹಾನದಿ' ಈ ಯಂತ್ರವನ್ನು ಬಳಸಿದ ಮೊದಲ ಭಾರತೀಯ ಚಿತ್ರವೆಂದು ಹೆಸರಾಗಿದೆ. ಇದರ ಮರ್ಮವನ್ನು ಹೂಮಾಲೆಯ ಉದಾಹರಣೆಯಿಂದಲೇ ಹೇಳಬಹುದು. ಕಟ್ಟಿದ ಮಾಲೆಯ ನಡುವೆ ಇನ್ನೊಂದು ಹೂ ಸೇರಿಸಬೇಕಾದರೆ ದಾರ ಕತ್ತರಿಸಿ ಮತ್ತೆ ಗಂಟು ಹಾಕಬೇಕು. ಗಣಕಯಂತ್ರದಲ್ಲಿ ಹೂವನ್ನು ಯಾರೂ ಕಟ್ಟುವುದೇ ಇಲ್ಲ. ಹೂಗಳೆಲ್ಲ ಬುಟ್ಟಿಯಲ್ಲಿಯೇ ಇರುತ್ತವೆ. 'ಮೊದಲು ಏಳನೆಯದು, ಆಮೇಲೆ ಮೂರನೆಯದು' ಎಂದು ಒಂದು ಪಟ್ಟಿ ಮಾತ್ರ ಬರೆಯಲಾಗುತ್ತದೆ. ಆ ಪಟ್ಟಿಯಂತೆ ಯಂತ್ರ ಹೆಕ್ಕಿ ತೋರಿಸುತ್ತದೆ. ಪಟ್ಟಿ ಬದಲಿಸಿದರೆ ಮಾಲೆ ಬದಲಾಗುತ್ತದೆ, ಹೂವಿಗೆ ನೋವಿಲ್ಲ.

ಆದರೂ ಬಹಳ ವರ್ಷ ಕತ್ತರಿ ಪೂರ್ತಿ ನಿವೃತ್ತವಾಗಲಿಲ್ಲ. ಗಣಕಯಂತ್ರ ಕೊಟ್ಟ ಪಟ್ಟಿಯ ಪ್ರಕಾರ ಕೊನೆಯಲ್ಲಿ ನೆಗೆಟಿವನ್ನು ಕೈಯಿಂದಲೇ ಕತ್ತರಿಸುತ್ತಿದ್ದರು. ಈ ಸಂಧಿಕಾಲದ ಹೆಸರಾಂತ ಸಂಕಲನಕಾರರಲ್ಲಿ ಸುರೇಶ್ ಅರಸ್ ಒಬ್ಬರು. ಕನ್ನಡ ಚಿತ್ರಗಳಿಗೂ ದುಡಿದ ಅವರು ಮಣಿರತ್ನಂ ಅವರ 'ರೋಜಾ', 'ಬಾಂಬೆ' ಮುಂತಾದ ಚಿತ್ರಗಳನ್ನು ಸಂಕಲಿಸಿದರು. 'ಬಾಂಬೆ'ಗಾಗಿ ೧೯೯೫ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ೨೦೦೨ನೆಯ ಸಾಲಿನಲ್ಲಿ 'ಕನ್ನತ್ತಿಲ್ ಮುತ್ತಮಿಟ್ಟಾಲ್' ಚಿತ್ರಕ್ಕಾಗಿ ಎ. ಶ್ರೀಕರ್ ಪ್ರಸಾದ್ ಅವರಿಗೆ ಇದೇ ಗೌರವ ದೊರೆಯಿತು. ೨೦೦೪ರಲ್ಲಿ ಪಿ. ಸಿ. ಶ್ರೀರಾಮ್ ಅವರ 'ವಾನಂ ವಸಪ್ಪಡುಂ' ಫಿಲ್ಮಿಲ್ಲದೆಯೇ ಡಿಜಿಟಲ್ ಕ್ಯಾಮರಾದಲ್ಲಿ ಚಿತ್ರಿತವಾಯಿತು. ಅದರ ಮರುವರ್ಷದಿಂದ ಚಿತ್ರಮಂದಿರಗಳಲ್ಲಿಯೂ ಸುರುಳಿಗಳ ಬದಲು ಡಿಜಿಟಲ್ ಪ್ರದರ್ಶನ ಹರಡತೊಡಗಿತು. ೨೦೧೦ರ ದಶಕದಲ್ಲಿ ಚೆನ್ನೈಯ ಫಿಲ್ಮು ಸಂಸ್ಕರಣಾಲಯಗಳು ಒಂದೊಂದಾಗಿ ಕೆಲಸ ನಿಲ್ಲಿಸಿದವು. ೧೯೬೦ರಲ್ಲಿ ಸ್ಥಾಪನೆಯಾಗಿ, 'ಇಂದು' ಎಂಬ ಹೆಸರಿನಲ್ಲಿ ಸ್ವದೇಶಿ ಫಿಲ್ಮು ಮಾಡುತ್ತಿದ್ದ ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯನ್ನು ನೀಲಗಿರಿಯ ವಾಚಕರು ಬಲ್ಲರು. ಅದರ ಯಂತ್ರಗಳೂ ನಿಂತುಹೋದವು.

ಲಾಭನಷ್ಟದ ಲೆಕ್ಕ ಹಾಕಿದರೆ ಲಾಭವೇ ಹೆಚ್ಚು. ಹಣವಿಲ್ಲದ ಹಳ್ಳಿಯ ಹುಡುಗನೂ ಇಂದು ಚಿತ್ರ ಮಾಡಬಲ್ಲ. ಅಂಟಿನ ವಾಸನೆಯಲ್ಲಿ, ಚಿಕ್ಕ ಗಾಜಿಗೆ ಕಣ್ಣು ಕೀಲಿಸಿ ಕುಳಿತವರ ಕಷ್ಟ ಅವನಿಗಿಲ್ಲ. ಹಳೆಯದೆಲ್ಲ ಚಿನ್ನವೆಂದು ಹೇಳುವ ಧೈರ್ಯವೂ ನನಗಿಲ್ಲ. 'ಕೀಚಕ ವಧಂ' ಇಂದು ಒಂದು ಅಡಿಯೂ ಉಳಿದಿಲ್ಲ. 'ಕಾಳಿದಾಸ್' ಚಿತ್ರವೂ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೆಂಕಿಗೆ ಬೇಗ ತುತ್ತಾಗುವಂತಹುದು. ಮೇಲಾಗಿ ಅದರಲ್ಲಿನ ಬೆಳ್ಳಿಗಾಗಿ ಎಷ್ಟೋ ಹಳೆಯ ಸುರುಳಿಗಳನ್ನು ಕರಗಿಸಿದ್ದುಂಟು. ಕತ್ತರಿಸುವುದರಲ್ಲಿ ಅಷ್ಟು ಎಚ್ಚರ ವಹಿಸಿದ ನಾವು ಕಾಪಾಡುವುದರಲ್ಲಿ ಎಚ್ಚರ ತಪ್ಪಿದೆವು. ಇತ್ತ ಹೊಸ ಕಾಲದಲ್ಲಿ ಫಿಲ್ಮಿನ ಖರ್ಚಿಲ್ಲವಾದುದರಿಂದ ಚಿತ್ರೀಕರಿಸುವುದಕ್ಕೆ ಮಿತಿಯಿಲ್ಲ. ಗುಡ್ಡದಷ್ಟು ತುಣುಕುಗಳನ್ನು ಹಸನು ಮಾಡುವ ಹೊಣೆ ಸಂಕಲನಕಾರನ ತಲೆಯ ಮೇಲೆ. 'ಆಡುಕಳಂ' ಚಿತ್ರಕ್ಕೆ ೨೦೧೦ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ ಟಿ. ಇ. ಕಿಶೋರ್ ಅವರು ೨೦೧೫ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. 'ವಿಸಾರಣೈ' ಚಿತ್ರಕ್ಕೆ ಅವರಿಗೆ ಸಂದ ಇನ್ನೊಂದು ರಾಷ್ಟ್ರಪ್ರಶಸ್ತಿ ಮರಣೋತ್ತರವಾಯಿತು. ಯಂತ್ರ ಹಗುರವಾಯಿತೆಂದು ಕೆಲಸವೂ ಹಗುರವಾಯಿತೆಂದು ತಿಳಿಯಬಾರದು.

ಇನ್ನು ನಮ್ಮ ಜಗಲಿಯ ವಾಗ್ವಾದಕ್ಕೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟ ಬಡಿಸುತ್ತಿದ್ದ ಆಯಮ್ಮ ಒಬ್ಬರಿದ್ದಾರೆ. ಎಂ.ಜಿ.ಆರ್. ಅವರ ಸರಕಾರ ೧೯೮೨ರಲ್ಲಿ ಪೌಷ್ಟಿಕ ಊಟದ ಯೋಜನೆ ತಂದಾಗ ಸೌಟು ಹಿಡಿದವರು, ನಿವೃತ್ತರಾಗುವವರೆಗೂ ಕೆಳಗಿಡಲಿಲ್ಲ. ಶಿಷ್ಯ ಅವರನ್ನು ಅಡುಗೆಕೋಣೆಯ ಮೆಟ್ಟಿಲ ಮೇಲೆ ಕೂರಿಸಿ ಕೇಳಿದ್ದ: "ನೀವು ಸೇರಿದಾಗ ಎಷ್ಟು ತಟ್ಟೆ ಇಡ್ತಿದ್ರಿ ಆಯಮ್ಮ?" "ನೂರ ಎಂಬತ್ತು ಕಣಪ್ಪ" ಎಂದು ಅವರು ಥಟ್ಟನೆ ಹೇಳಿದರು. "ಬಿಟ್ಟಾಗ?" ಆಯಮ್ಮ ಮಾತನಾಡಲಿಲ್ಲ. ಅಂಗಳದ ಕಡೆ ನೋಡಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ, "ಇಪ್ಪತ್ತಾರು" ಎಂದರು.

ಜಗಲಿಯ ಮೇಲೆ ಮೊದಲ ಸಲ ಚಿತ್ರ ತೋರಿಸಿದಾಗ ಪ್ರಶ್ನೆಯ ಬೆನ್ನಿಗೇ ಉತ್ತರ ಬಂದುಬಿಟ್ಟಿತು. ನಾನು ಆ ದಿನ ಪಕ್ಕದಲ್ಲಿಯೇ ನಿಂತಿದ್ದವನು. "ನಡುವೆ ಏನೋ ಇತ್ತಲ್ಲಪ್ಪ?" ಎಂದೆ.

"ಏನೂ ಇರಲಿಲ್ಲ ಮೇಷ್ಟ್ರೇ, ಸುಮ್ಮನೆ ಇದ್ದರು. ಹನ್ನೊಂದು ಸೆಕೆಂಡು ಖಾಲಿ. 'ಲ್ಯಾಗ್' ಆಗುತ್ತದೆ ಅಂತ ತೆಗೆದುಬಿಟ್ಟೆ. ಈಗಿನವರು ಅಷ್ಟು ಹೊತ್ತು ಕಾಯುವುದಿಲ್ಲ, ಫೋನು ತೆಗೆಯುತ್ತಾರೆ."

ಅವನ ಮಾತು ಸುಳ್ಳಲ್ಲ. ಅವನ ಕಸುಬು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಆ ರಾತ್ರಿ ನಾನು ಲೆಕ್ಕ ಹಾಕಿದೆ. ಹನ್ನೊಂದು ಸೆಕೆಂಡೆಂದರೆ ೨೬೪ ಚೌಕಟ್ಟು. ೨೬೪ ಚೌಕಟ್ಟೆಂದರೆ ಹದಿನಾರೂವರೆ ಅಡಿ ಫಿಲ್ಮು. ಬೆಳಗ್ಗೆ ಅವನನ್ನು ಅಂಗಳಕ್ಕೆ ಕರೆದು, ಹಗ್ಗದಿಂದ ಹದಿನಾರೂವರೆ ಅಡಿ ಅಳೆದು ನೆಲದ ಮೇಲೆ ಹಾಸಿದೆ. "ನಿನ್ನ ಗುರುಗಳ ಗುರುಗಳಾಗಿದ್ದರೆ ಆಯಮ್ಮನ ಮೌನ ಅವರ ಕೈಯಲ್ಲಿ ಇಷ್ಟುದ್ದ ಇರುತ್ತಿತ್ತು ಕಣಪ್ಪ. ಮೂರು ಆಳಿನ ಉದ್ದ. ಕತ್ತರಿ ಹಾಕುವ ಮೊದಲು ಇಷ್ಟನ್ನೂ ಬೆರಳಿನಲ್ಲಿ ಹಾಯಿಸಬೇಕಾಗಿತ್ತು. ಪ್ರತಿ ಚೌಕಟ್ಟಿನಲ್ಲಿಯೂ ಆಯಮ್ಮನ ಮುಖ ಕಾಣಿಸುತ್ತಿತ್ತು. ನಿನ್ನ ಪರದೆಯ ಮೇಲೆ ಅದು ಅರ್ಧ ಬೆರಳು. ಅಷ್ಟು ಚಿಕ್ಕದಾಗಿ ಕಂಡದ್ದಕ್ಕೆ ಖಾಲಿ ಎಂದುಕೊಂಡೆ" ಎಂದೆ.

ಅವನು ಹಗ್ಗವನ್ನು ನೋಡುತ್ತ ನಿಂತ. ವಾದ ಮಾಡಲಿಲ್ಲ. ಒಳಗೆ ಹೋಗಿ ಎರಡು ಕೀಲಿ ಒತ್ತಿದ. ಮೌನ ಒಂದು ಚೌಕಟ್ಟೂ ಕಡಿಮೆಯಾಗದೆ ಹಿಂದಿರುಗಿತು. ಹಳೆಯ ಕಾಲದಲ್ಲಿ ನೆಗೆಟಿವಿಗೆ ಕತ್ತರಿ ಬಿದ್ದ ಮೇಲೆ ಈ ಉಪಕಾರ ಸಾಧ್ಯವಿರಲಿಲ್ಲ. ಹೊಸ ಯಂತ್ರಕ್ಕೆ ನಾನು ಕೈಮುಗಿದದ್ದು ಆಗ.

ಪೋಷಕರ ಸಭೆಯಲ್ಲಿ ಚಿತ್ರ ಓಡಿತು. ಹನ್ನೊಂದು ಸೆಕೆಂಡುಗಳಲ್ಲಿ ಇಬ್ಬರು ಫೋನು ತೆಗೆದದ್ದನ್ನು ನಾನು ಕಂಡೆ. ಶಿಷ್ಯನೂ ಕಂಡು ನನ್ನ ಕಡೆ ನೋಡಿದ. ಉಳಿದವರು ತಲೆ ತಗ್ಗಿಸಿದ್ದರು. ಅವರಲ್ಲಿ ಬಹುಮಂದಿ ಆ ನೂರ ಎಂಬತ್ತು ತಟ್ಟೆಗಳಲ್ಲಿ ಉಂಡವರು. ಜೂನಿನಲ್ಲಿ ಒಂದನೆಯ ತರಗತಿಗೆ ಹಿಂದಿನ ವರ್ಷಕ್ಕಿಂತ ಮೂರು ಮಕ್ಕಳು ಹೆಚ್ಚಾಗಿ ಸೇರಿದರು. ಅದು ಚಿತ್ರದಿಂದಲೇ ಆಯಿತೆಂದು ನಾನು ಹೇಳಲಾರೆ. ಮೂರು ಮಕ್ಕಳಿಂದ ಕನ್ನಡ ಶಾಲೆಯೊಂದು ಉಳಿದೀತೆಂದೂ ಹೇಳಲಾರೆ.

ಇಂದು ನಮ್ಮೆಲ್ಲರ ಕೈಯಲ್ಲೂ ಕತ್ತರಿಯಿದೆ. ಮದುವೆ, ನಾಮಕರಣ, ಅಜ್ಜಿಯ ಮಾತು ಎಲ್ಲವನ್ನೂ ಫೋನಿನಲ್ಲಿ ಹಿಡಿಯುತ್ತೇವೆ. ಬೇಸರವಾದುದನ್ನು ಬೆರಳ ತುದಿಯಿಂದ ಅಳಿಸುತ್ತೇವೆ. ಅಳಿಸುವುದು ತಪ್ಪಲ್ಲ, ಅಕ್ಕಿಯಲ್ಲಿ ಕಲ್ಲಿದ್ದರೆ ತೆಗೆಯಲೇಬೇಕು. ಮನೆಯ ಹಿರಿಯರು ಕನ್ನಡದಲ್ಲಿ ಏನನ್ನಾದರೂ ಹೇಳಹೊರಟು ನಡುವೆ ಸುಮ್ಮನಾದರೆ ಮಾತ್ರ ಒಂದು ಗಳಿಗೆ ತಾಳಿ. ಸೆಕೆಂಡಿಗೆ ಒಂದೂವರೆ ಅಡಿಯಂತೆ ಆ ಮೌನವನ್ನು ಮನಸ್ಸಿನಲ್ಲಿಯೇ ಹಾಸಿ ನೋಡಿ. ಆಮೇಲೆ ಕತ್ತರಿ ಹಾಕುವುದಾದರೆ ಹಾಕಿ.

ನನ್ನ ಹಗ್ಗ ಈಗಲೂ ಶಾಲೆಯ ಕೋಣೆಯಲ್ಲಿದೆ. ಐದನೆಯ ತರಗತಿಯ ಮಕ್ಕಳು ಅದರಿಂದ ಅಂಗಳ ಅಳೆಯುತ್ತಾರೆ.